ಸಾಗರದವರ ಗಾಳಕ್ಕೆ ಸಿಕ್ಕ ಕಡಲಾಮೆ: ಒಂದು ಪ್ರಕರಣದ ಪೂರ್ತಿ ವಿವರ

ಊರಿನ ಹೆಸರು ಸಾಗರವಾದರೂ ನಮಗೆ ಸಮುದ್ರವೆಂದರೆ ಎರಡೂವರೆ ತಾಸಿನ ಘಟ್ಟದ ದಾರಿ. ಮಾವಿನಗುಂಡಿಯಲ್ಲಿ ಚಹಾ ಕುಡಿದು, ಗೇರುಸೊಪ್ಪೆಯ ತಿರುವುಗಳನ್ನು ಇಳಿದು, ಹೊನ್ನಾವರದ ಹತ್ತಿರ ಬಂದ ಮೇಲೆಯೇ ಉಪ್ಪುಗಾಳಿ ಮೂಗಿಗೆ ಬಡಿಯುವುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಬಿದ್ದು, ಒಟ್ಟು 128 ಕಿಲೋಮೀಟರ್ ಹರಿದು ಸೇರುವುದೂ ಅಲ್ಲಿಗೇ. ಹೊಳೆಯ ಬೆನ್ನು ಹಿಡಿದು ನಾವೂ ವರ್ಷಕ್ಕೆರಡು ಸಲ ಇಳಿಯುತ್ತೇವೆ ಎಂದು ಭಾವ ತಮಾಷೆ ಮಾಡುತ್ತಾರೆ.

ಹಾಗೆ ಇಳಿದ ಒಂದು ಸಂಕ್ರಾಂತಿ ರಜೆಯಲ್ಲಿ ನಮ್ಮ ಗಾಳಕ್ಕೆ ಕಡಲಾಮೆಯೊಂದು ಸಿಕ್ಕಿತು. ಅಂದು ಬೆಳಿಗ್ಗೆ ನಾವು ಮಾಡಿದ್ದನ್ನು ಹೊತ್ತಿನ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ತಂಡದ ಟಿಪ್ಪಣಿ ಪುಸ್ತಕ ಬರೆಯುವವನು ನಾನೇ ಆದ್ದರಿಂದ ಹೊತ್ತಿನ ವಿಷಯದಲ್ಲಿ ತಪ್ಪಿರಲಾರದು. ದೋಣಿಯಲ್ಲಿದ್ದ ಯಾರೂ ಕ್ರೂರಿಗಳಾಗಿರಲಿಲ್ಲ. ಎಲ್ಲರಿಗೂ ಅದನ್ನು ಉಳಿಸುವ ಆಸೆಯೇ ಇತ್ತು. ಆದರೂ ಆ ಆಮೆಗೆ ಆದ ಪೆಟ್ಟಿನಲ್ಲಿ ಅರ್ಧದಷ್ಟು, ನಾವು ಅದನ್ನು ಉಳಿಸಲು ಹೊರಟ ಮೇಲೆ ಆದದ್ದು.

ತಂಡ, ಸಾಮಾನು, ಕೈರೂಢಿ

ನಾವು ಐದು ಜನ. ಭಾವ ಅಡಿಕೆ ಬೆಳೆಗಾರರು, ನನ್ನ ಅಕ್ಕನ ಗಂಡ. ಉಳಿದವರಿಗೂ ಅವರು ಭಾವನೇ. ಒಬ್ಬರು ಪ್ರೌಢಶಾಲೆಯ ಮೇಷ್ಟ್ರು. ಇನ್ನೊಬ್ಬರು ಹಾರ್ಡ್‌ವೇರ್ ಅಂಗಡಿ ಇಟ್ಟವರು. ಅವರ ಮಗ, ಕಾಲೇಜು ಹುಡುಗ. ಐದನೆಯವನು ನಾನು. ಮೀನು ನಮ್ಮ ಹೊಟ್ಟೆಪಾಡಲ್ಲ, ಹವ್ಯಾಸ. ಮೀನು ತಿನ್ನದ ಮೇಷ್ಟ್ರು ಕೂಡ ಗಾಳ ಹಾಕಲು ಬರುತ್ತಾರೆ ಎಂದರೆ ಹವ್ಯಾಸದ ಆಳ ಗೊತ್ತಾದೀತು.

ನಮ್ಮ ಕೈ ಪಳಗಿದ್ದು ಕೆರೆಯಲ್ಲಿ, ಹಿನ್ನೀರಿನ ಅಂಚಿನಲ್ಲಿ. ಅಲ್ಲಿ ಮೂರು ರೂಢಿಗಳು ಬೆರಳಿಗೆ ಅಂಟಿಕೊಂಡಿವೆ. ದಾರ ಬಿಗಿಯಾದ ಕೂಡಲೇ ಕೋಲನ್ನು ಜಗ್ಗಿ ಹೊಡೆಯುವುದು, ಇಲ್ಲವಾದರೆ ಬಾಳೆ ಮೀನು ಗಾಳ ಉಗಿದುಬಿಡುತ್ತದೆ. ನೀರಿನಡಿಯ ಮರದ ಬೊಡ್ಡೆಗೆ ಗಾಳ ಸಿಕ್ಕಿದರೆ ದಾರ ಕತ್ತರಿಸಿ ಹೊಸದು ಕಟ್ಟುವುದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳಿಗೆ ಲೆಕ್ಕವಿಲ್ಲ, ಅವುಗಳಿಗೆ ನಾವು ತೊಡಿಸಿದ ನೈಲಾನ್ ದಾರಕ್ಕೂ ಲೆಕ್ಕವಿಲ್ಲ. ಮೂರನೆಯದು, ಬೇಡದ ಜೀವ ಸಿಕ್ಕಿದರೆ ದಾರ ಕತ್ತರಿಸಿ ನೀರಿಗೆ ಬಿಡುವುದು. ಹಾವುಮೀನು, ಏಡಿ, ಆಮೆ ಎಲ್ಲವಕ್ಕೂ ಇದೇ ನ್ಯಾಯ. ಆಮೆಯಾದರೆ ಬಿಡುವಾಗ ಒಂದು ಕೈ ಮುಗಿಯುವುದೂ ಉಂಟು. ಕೂರ್ಮಾವತಾರ ಅಲ್ಲವೇ.

ಈ ಮೂರೂ ರೂಢಿಗಳನ್ನು ನಾವು ಸಾಮಾನಿನ ಜೊತೆಗೆ ಘಟ್ಟ ಇಳಿಸಿಕೊಂಡು ಹೋಗಿದ್ದೆವು. ಸಾಮಾನು ಎಂದರೆ ಮೂರು ರೀಲ್ ಕೋಲು, ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಮುಳ್ಳಿನ ಗಾಳಗಳು, ಸೀಸದ ಗುಂಡುಗಳು. ಎರೆಗೆಂದು ಹೊನ್ನಾವರದ ಮೀನುಪೇಟೆಯಲ್ಲಿ ಬೊಂಡಾಸ್ (ಇಂಗ್ಲಿಷಿನ ಸ್ಕ್ವಿಡ್) ಮತ್ತು ಸಿಗಡಿ ಕೊಂಡೆವು. ಇಕ್ಕಳ ಒಂದಿತ್ತು. ಕೈಬಲೆ ಇರಲಿಲ್ಲ, ಕಾರಿನಲ್ಲಿ ಜಾಗವಿಲ್ಲವೆಂದು ಭಾವನೇ ಮನೆಯಲ್ಲಿ ಬಿಟ್ಟು ಬಂದಿದ್ದರು.

ಬೆಳಗಿನ ಒಂದು ತಾಸು

ಬಾಡಿಗೆಗೆ ಹಿಡಿದದ್ದು ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ಫೈಬರ್ ದೋಣಿ. ನಡೆಸುವವರು ಅರವತ್ತರ ಆಸುಪಾಸಿನ ತಾಂಡೇಲ, ಜೊತೆಗೆ ಅವರ ಅಕ್ಕನ ಮಗ. ಹೊನ್ನಾವರದ ಅಳಿವೆಯಲ್ಲಿ ಮರಳು ದಿಣ್ಣೆ ಜಾಗ ಬದಲಿಸುತ್ತಲೇ ಇರುತ್ತದೆ. ದೋಣಿ ಮಗುಚಿದ ಕತೆಗಳು ಅಲ್ಲಿ ಪ್ರತಿ ಮನೆಯಲ್ಲಿವೆ. ತಾಂಡೇಲರು ಭರತದ ಹೊತ್ತು ನೋಡಿ ನಮ್ಮನ್ನು ಹೊರಗೆ ದಾಟಿಸಿ, ಕಾಸರಕೋಡಿನ ದಂಡೆ ಎಡಕ್ಕೆ ಕಾಣುವಂತೆ ದೋಣಿ ನಿಲ್ಲಿಸಿದರು.

7.10. ಭಾವನ ಕೋಲು ಬಾಗಿತು. ಕೈ ತಾನಾಗಿ ಜಗ್ಗಿ ಹೊಡೆಯಿತು. ಕೆಂಬೇರಿಯೇ ಇರಬೇಕು, ಹತ್ತು ಕಿಲೋಗೆ ಕಡಿಮೆಯಿಲ್ಲ ಎಂದು ಅಂಗಡಿಯವರು ಘೋಷಿಸಿಬಿಟ್ಟರು. ಆದರೆ ಅದು ಮೀನಿನಂತೆ ಓಡಲಿಲ್ಲ, ತಲೆ ಒದರಲಿಲ್ಲ. ಭಾರವಾಗಿ, ನಿಧಾನವಾಗಿ, ಒಂದೇ ಸಮನೆ ಕೆಳಕ್ಕೆ ಎಳೆಯಿತು. ತಾಂಡೇಲರು ಎರಡು ಸಲ, ‘ಇದು ಮೀನಲ್ಲ, ದಾರ ಸ್ವಲ್ಪ ಸಡಿಲ ಬಿಡಿ ಮಾರಾಯರೇ’ ಎಂದರು. ಭಾವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಬಿಡುತ್ತಿರಲಿಲ್ಲ ಎಂದು ಈಗ ಅವರೇ ಹೇಳುತ್ತಾರೆ.

7.26. ನೀರಿನ ಮೇಲೆ ಬೂದು ಹಸಿರಿನ ಚಿಪ್ಪು ಮೂಡಿತು. ಸುಮಾರು ಎರಡು ಅಡಿ ಉದ್ದ, ಹೃದಯದ ಆಕಾರ. ತಲೆ ಎತ್ತಿ ಒಂದು ಉಸಿರು ತೆಗೆಯಿತು. ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಂತಹ ಸದ್ದು. ಮರುಕ್ಷಣ ದೋಣಿಯಲ್ಲಿ ನಾಲ್ಕು ಮೊಬೈಲುಗಳು ಎದ್ದು ನಿಂತವು. ನನ್ನದೂ ಅದರಲ್ಲಿ ಒಂದು.

ಆ ಹದಿನಾರು ನಿಮಿಷಗಳ ಅರ್ಥ ಆಮೇಲೆ ತಿಳಿಯಿತು. ಕಡಲಾಮೆಗೆ ಕಿವಿರಿಲ್ಲ, ನಮ್ಮಂತೆ ಶ್ವಾಸಕೋಶ. ಸುಮ್ಮನೆ ಮಲಗಿದ್ದರೆ ತಾಸುಗಟ್ಟಲೆ ನೀರಿನಡಿ ಇರಬಲ್ಲದು. ಗಾಬರಿಯಾಗಿ ಒದ್ದಾಡುವಾಗ ಮಾತ್ರ ದೇಹದಲ್ಲಿ ಕೂಡಿಟ್ಟ ಆಮ್ಲಜನಕ ಬೇಗ ಮುಗಿಯುತ್ತದೆ, ಪದೇಪದೇ ಮೇಲೆ ಬರಬೇಕಾಗುತ್ತದೆ. ಭಾವ ಮೀನಿನ ಜೊತೆ ಸೆಣಸಾಡುತ್ತಿದ್ದೇನೆ ಎಂದುಕೊಂಡಿದ್ದ ಹೊತ್ತಿನಲ್ಲಿ ಅದು ಮುಳುಗಿ ಸಾಯುವ ದಾರಿಯಲ್ಲಿತ್ತು.

7.28. ಭಾವ ದಾರ ಹಿಡಿದು ಅದನ್ನು ದೋಣಿಯ ಪಕ್ಕಕ್ಕೆ ಎಳೆದು ಎತ್ತಲು ನೋಡಿದರು. ಅದು ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆ ಎಂದು ಆಮೇಲೆ ತಿಳಿಯಿತು. ಬೆಳೆದದ್ದು ಸುಮಾರು ನಲವತ್ತು ಕಿಲೋ ತೂಗುತ್ತದೆ. ಆ ಭಾರವೆಲ್ಲ ಬಾಯಿಯ ಮೂಲೆಗೆ ಚುಚ್ಚಿದ ಒಂದು ಗಾಳದ ಮೇಲೆ ಬಿತ್ತು. ರಕ್ತ ಬಂತು. ಎಡ ಮುಂಗಾಲಿಗೂ ದಾರ ಮೂರು ಸುತ್ತು ಸುತ್ತಿಕೊಂಡಿತ್ತು.

7.30. ಮೇಷ್ಟ್ರು ಇಕ್ಕಳ ಹಿಡಿದು ಬಗ್ಗಿ ಗಾಳವನ್ನು ಒಮ್ಮೆ ಎಳೆದರು. ಬರಲಿಲ್ಲ. ಗಾಳದ ತುದಿಯ ಹಿಂಬದಿಗೆ ಮುಳ್ಳು ಇಟ್ಟಿರುವುದೇ ಹಿಂದಕ್ಕೆ ಬಾರದಿರಲಿ ಎಂದು. ಬಲದಿಂದ ಎಳೆದರೆ ಅದು ಮಾಂಸವನ್ನೂ ತೆಗೆದುಕೊಂಡೇ ಬರುತ್ತದೆ. ಅದು ಗೊತ್ತಿದ್ದ ವಿಜ್ಞಾನದ ಮೇಷ್ಟ್ರೇ ಎಳೆದದ್ದು. ಗಾಬರಿಯಲ್ಲಿ ವಿಜ್ಞಾನ ಯಾರಿಗೆ ನೆನಪಿರುತ್ತದೆ?

7.32. ಮೂರನೆಯ ರೂಢಿಯ ಸರದಿ. ‘ದಾರ ಕತ್ತರಿಸಿ ಬಿಟ್ಟುಬಿಡೋಣ, ಪಾಪ. ನೀರಿಗೆ ಬಿಟ್ಟರೆ ಪುಣ್ಯವಾದರೂ ಬಂದೀತು’ ಎಂದರು ಅಂಗಡಿಯವರು. ಹುಡುಗ ಕೋಲಿನ ತುದಿಯ ಹತ್ತಿರ ದಾರ ಕತ್ತರಿಸಿಯೂ ಬಿಟ್ಟ. ಆಮೆಯ ಬಾಯಿಯಿಂದ ಎರಡು ಮಾರು ದಾರ ತೇಲುತ್ತಿತ್ತು. ಅದು ಮುಳುಗಲು ಹೊರಟಾಗ ತಾಂಡೇಲರು ದಾರದ ತುದಿ ಹಿಡಿದುಕೊಂಡು ಅಕ್ಕನ ಮಗನಿಗೆ ಕೈಬಲೆ ತರಲು ಕೂಗಿದರು.

‘ಇಷ್ಟು ದಾರ ಇಟ್ಟುಕೊಂಡು ಹೋದರೆ ಎಂಟು ದಿನಕ್ಕೆ ಇದೇ ದಂಡೆಗೆ ಹೆಣವಾಗಿ ಬರುತ್ತದೆ. ನಿಮ್ಮ ಪುಣ್ಯ ನಿಮ್ಮ ಕೆರೆಯಲ್ಲಿ ಇಟ್ಟುಕೊಳ್ಳಿ’ ಎಂದರು. ಮಾತು ಒರಟಾಗಿತ್ತು, ಆದರೆ ಅಂದಿನ ಬೆಳಿಗ್ಗೆ ಆ ದೋಣಿಯಲ್ಲಿ ಯಾರಾದರೂ ಸರಿಯಾದದ್ದನ್ನು ಹೇಳಿದ್ದರೆ ಅದೊಂದೇ.

ಬಿಟ್ಟ ದಾರ ಮಾಡುವ ಕೆಲಸ ಎರಡು ಬಗೆಯದು. ಹೊರಗೆ ಅದು ಕಾಲಿಗೆ ಸುತ್ತಿಕೊಳ್ಳುತ್ತದೆ. ಈಜಿದಷ್ಟೂ ಬಿಗಿಯಾಗಿ ರಕ್ತ ಓಡಾಟ ನಿಲ್ಲಿಸುತ್ತದೆ. ಕಾಲು ಕೊಳೆತು ಕಳಚಿ ಬೀಳುವುದೂ ಉಂಟು. ನುಂಗಿದರೆ ಇನ್ನೂ ಕೆಟ್ಟದ್ದು. ಗಾಳ ಗಂಟಲಲ್ಲೋ ಹೊಟ್ಟೆಯಲ್ಲೋ ಕಚ್ಚಿಕೊಂಡು ನಿಲ್ಲುತ್ತದೆ, ದಾರದ ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ. ಒಂದು ಕಡೆ ಕಟ್ಟು, ಇನ್ನೊಂದು ಕಡೆ ಎಳೆತ. ಪೈಜಾಮದ ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುವಂತೆ ಕರುಳು ನೆರಿಗೆಗಟ್ಟುತ್ತದೆ, ಕೆಲವೊಮ್ಮೆ ದಾರವೇ ಕರುಳನ್ನು ಕೊಯ್ಯುತ್ತದೆ. ಇದೇ ಕಾರಣಕ್ಕೆ ಬಾಯಿಯಿಂದಾಗಲಿ ಬಾಲದ ಬುಡದಿಂದಾಗಲಿ ದಾರ ಹೊರಗೆ ಕಂಡರೆ ಎಳೆಯಲೇಬಾರದು ಎನ್ನುತ್ತಾರೆ ಪಶುವೈದ್ಯರು. ದೋಣಿಯ ಮೇಲೆ ತರಲು ಯಾವ ರೀತಿಯಲ್ಲೂ ಆಗದಿದ್ದರೆ ಮಾತ್ರ ದಾರವನ್ನು ಗಾಳಕ್ಕೆ ಸಾಧ್ಯವಾದಷ್ಟು ಹತ್ತಿರ ಕತ್ತರಿಸಿ ಬಿಡಬೇಕು. ನಾವು ಕತ್ತರಿಸಿದ್ದು ಸಾಧ್ಯವಾದಷ್ಟು ದೂರದಲ್ಲಿ.

7.41. ಬಲೆಯನ್ನು ಅಡಿಯಿಂದ ತೂರಿಸಿ, ಚಿಪ್ಪಿನ ಎರಡು ಪಕ್ಕ ಹಿಡಿದು, ಮಾವ ಅಳಿಯ ಸೇರಿ ಅದನ್ನು ದೋಣಿಗೆ ಎತ್ತಿಕೊಂಡರು. ನಮ್ಮ ಕೆರೆಯ ಆಮೆ ಮುಟ್ಟಿದರೆ ತಲೆ, ಕಾಲು ಒಳಗೆಳೆದುಕೊಂಡು ಕಲ್ಲಾಗುತ್ತದೆ. ಕಡಲಾಮೆಗೆ ಆ ಸೌಲಭ್ಯವಿಲ್ಲ. ತಲೆ, ಕಾಲುಗಳು ಸದಾ ಹೊರಗೇ. ಹಾಗಾಗಿ ನಾವು ಮುಟ್ಟಿದ್ದೆಲ್ಲ ಅದಕ್ಕೆ ತಾಗುತ್ತಿತ್ತು. ಮೊದಲು ಮುಂಗಾಲಿನಿಂದ ಒಂದೆರಡು ಸಲ ಬಡಿಯಿತು, ಆಮೇಲೆ ಕುತ್ತಿಗೆ ಜೋತುಬಿತ್ತು. ಕಣ್ಣು ಅರೆಮುಚ್ಚಿತು. ‘ಹೋಯಿತು’ ಎಂದರು ಭಾವ. ಅವರ ಕೈ ನಡುಗುತ್ತಿತ್ತು. ಸತ್ತದ್ದನ್ನು ನೀರಿಗೆ ಹಾಕಿ ಹೊರಟುಬಿಡೋಣ ಎಂಬ ಮಾತೂ ಬಂತು. ಆಡಿದವನು ನಾನು, ಹೆಸರು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ತಾಂಡೇಲರು ಹಗ್ಗದ ಸುರುಳಿಯೊಂದನ್ನು ಎಳೆದು ಆಮೆಯ ಹಿಂಭಾಗದ ಅಡಿಗೆ ಇಟ್ಟರು. ಹೊಟ್ಟೆ ಕೆಳಗಾಗಿಯೇ ಮಲಗಿಸಿ, ಹಿಂಭಾಗ ಅರ್ಧ ಅಡಿಯಷ್ಟು ಮೇಲಕ್ಕೆ, ತಲೆ ತಗ್ಗಿಗೆ. ಮೂಗಿನಿಂದ ನೀರು ಸೋರಿತು. ಒದ್ದೆ ಗೋಣಿಚೀಲ ಹೊದಿಸಿ ಮೂಗು, ಕಣ್ಣು ಮಾತ್ರ ಬಯಲಿಗೆ ಬಿಟ್ಟರು. ಮುಳುಗಿ ಸ್ಮೃತಿ ತಪ್ಪಿದ ಕಡಲಾಮೆಗೆ ಜಗತ್ತಿನಾದ್ಯಂತ ಹೇಳುವ ಉಪಚಾರ ಇದೇ: ಹಿಂಭಾಗ ಎತ್ತರಿಸಿ, ನೆರಳಿನಲ್ಲಿ, ತೇವವಾಗಿ ಇಡುವುದು, ಕನಿಷ್ಠ ನಾಲ್ಕು ತಾಸು, ಬೇಕಾದರೆ ಇಪ್ಪತ್ನಾಲ್ಕು ತಾಸಿನವರೆಗೆ ಕಾಯುವುದು. ಬೆನ್ನ ಮೇಲೆ ಮಗುಚಿ ಎದೆ ಒತ್ತುವ ಹಳೆಯ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. ಅಲುಗಾಡದ ಆಮೆಯೆಲ್ಲ ಸತ್ತ ಆಮೆಯಲ್ಲ. ನಾನು ಹೇಳಿದಂತೆ ಅದನ್ನು ಸಮುದ್ರಕ್ಕೆ ಎಸೆದಿದ್ದರೆ ಅದು ಖಂಡಿತ ಮುಳುಗಿ ಸಾಯುತ್ತಿತ್ತು.

ತಾಂಡೇಲರಿಗೆ ಇದನ್ನು ಕಲಿಸಿದವರು ಯಾರು ಎಂದು ಆಮೇಲೆ ಕೇಳಿದೆ. ಬಲೆಗೆ ಸಿಕ್ಕ ಆಮೆಗಳಿಗೆ ತಮ್ಮ ಅಪ್ಪ ಹೀಗೆಯೇ ಮಾಡುತ್ತಿದ್ದರು ಎಂದರು.

8.12. ಮೊದಲ ಉಸಿರು.

ದಂಡೆಯಲ್ಲಿ

ಅರಣ್ಯ ಇಲಾಖೆಗೆ ಫೋನ್ ಮಾಡಿದ್ದು 8.20ಕ್ಕೆ. ಆಮೆ ಮೇಲೆ ಬಂದು ಐವತ್ತನಾಲ್ಕು ನಿಮಿಷಗಳಾದ ಮೇಲೆ. ಇಲಾಖೆಯ ಸಹಾಯವಾಣಿ 1926 ಎಂಬುದು ಮೇಷ್ಟ್ರಿಗೆ ಮೊದಲೇ ಗೊತ್ತಿತ್ತು; ಊರಿನಲ್ಲಿ ತೋಟಕ್ಕೆ ಕಾಳಿಂಗ ಬಂದಾಗ ಮಾಡಿದ್ದರು. ಸಿಗ್ನಲ್ ಕೂಡ ಇತ್ತು. ತಡವಾದದ್ದು ಹೆದರಿಕೆಯಿಂದ. ಫೋನ್ ಮಾಡಿದರೆ ನಮ್ಮ ಮೇಲೆಯೇ ಕೇಸ್ ಆಗುತ್ತದೆ ಎಂದು ಅಂಗಡಿಯವರು, ಮಗನ ಕಾಲೇಜು ಹಾಳಾಗುತ್ತದೆ ಎಂದು ಅವರೇ ಮತ್ತೊಮ್ಮೆ. ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಡಲಾಮೆಗಳಿವೆ, ಹುಲಿ ಆನೆಗಳ ಸಾಲಿನಲ್ಲಿ. 2022ರ ತಿದ್ದುಪಡಿಯ ನಂತರ ಆ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಆದರೆ ಹೆದರಿಕೆ ನಮ್ಮನ್ನು ತಳ್ಳುತ್ತಿದ್ದ ದಿಕ್ಕು ನೋಡಿ: ಅರೆಜೀವದ ಆಮೆಯನ್ನು ಗುಟ್ಟಾಗಿ ನೀರಿಗೆ ಎಸೆದು ಹೋಗುವ ಕಡೆಗೆ. ಬೇಟೆಗಾರ ಮಾಡುವುದೂ ಅದನ್ನೇ ತಾನೇ.

ದಂಡೆಗೆ ಬಂದವರು ಒಬ್ಬ ಅರಣ್ಯ ರಕ್ಷಕ, ಆಮೇಲೆ ಒಬ್ಬ ಪಶುವೈದ್ಯೆ. ನಮ್ಮ ಹೆಸರು, ವಿಳಾಸ, ನಡೆದದ್ದು ಎಲ್ಲ ಬರೆದುಕೊಂಡರು. ಗದರಿಸಲಿಲ್ಲ. ಗದರಿಸಿದ್ದರೆ ಸಮಾಧಾನವಾಗುತ್ತಿತ್ತೇನೋ.

ರಕ್ಷಕ ಹುಡುಗನನ್ನು ಕರೆದು ಚಿಪ್ಪಿನ ಮೇಲಿನ ಹಲಗೆಗಳನ್ನು ಎಣಿಸಿ ತೋರಿಸಿದರು. ನಡುಸಾಲಿನ ಎರಡೂ ಪಕ್ಕದಲ್ಲಿ ಆರಾರು ಇದ್ದವು. ಹಸಿರು ಕಡಲಾಮೆಯಾದರೆ ನಾಲ್ಕೇ ಇರುತ್ತವೆ. ಇದು ಆಲಿವ್ ರಿಡ್ಲಿ. ಜಗತ್ತಿನ ಏಳು ಜಾತಿಯ ಕಡಲಾಮೆಗಳಲ್ಲಿ ಐದು ಭಾರತದ ಸಮುದ್ರಗಳಲ್ಲಿವೆ, ನಮ್ಮ ಕರಾವಳಿಯ ಮರಳಿಗೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಇದೇ ಜಾತಿ. ಬಾಲ ಗಿಡ್ಡವಾಗಿದ್ದುದರಿಂದ ಹೆಣ್ಣು. ಜನವರಿ ಎಂದರೆ ಮೊಟ್ಟೆಯ ಕಾಲ. ಕಾಸರಕೋಡ ಟೊಂಕದ ಮರಳಿನಲ್ಲಿ ಗೂಡುಗಳು ಸಿಗುತ್ತವೆ, ಒಂದೊಂದರಲ್ಲಿ ನೂರರ ಆಸುಪಾಸು ಮೊಟ್ಟೆ. ಭಾವನ ಗಾಳದ ತುದಿಯಲ್ಲಿ ಇದ್ದದ್ದು ಒಂದೇ ಆಮೆ ಎಂದುಕೊಂಡಿದ್ದೆವು. ರಕ್ಷಕರ ಮಾತು ಕೇಳಿದ ಮೇಲೆ ಹಾಗೆ ಎಣಿಸುವುದು ಕಷ್ಟವಾಯಿತು.

ವೈದ್ಯೆ ಹೇಳಿದ್ದರಲ್ಲಿ ನನಗೆ ಮರೆಯಲಾಗದ್ದು ಗಾಳದ ವಿಷಯವಲ್ಲ. ಚಿಪ್ಪಿನ ಹಿಂಭಾಗದಲ್ಲಿ ಮೂರು ಹಳೆಯ ಗೀರುಗಳಿದ್ದವು. ಒಂದರ ಪಕ್ಕ ಒಂದು, ನಡುವೆ ಅಂಗೈಯಗಲ ಸಮ ಅಂತರ, ತುಂಬಿ ಮಾಗಿದ ಗಾಯ. ನಾವು ಬಂಡೆಗೆ ತಾಗಿದ್ದಿರಬೇಕು ಎಂದೆವು. ‘ಬಂಡೆ ಇಷ್ಟು ಅಳತೆಯಿಟ್ಟು ಗೀರುವುದಿಲ್ಲ’ ಎಂದರು ಅವರು. ತಿರುಗುವ ಪ್ರೊಪೆಲ್ಲರಿನ ಒಂದೊಂದು ಎಲೆ ಒಂದೊಂದು ಗೀರು ಹಾಕುತ್ತಾ, ದೋಣಿ ಮುಂದೆ ಸರಿದಂತೆ ಗೀರುಗಳು ಸಾಲಾಗುತ್ತವೆ. ಈ ಆಮೆ ಒಮ್ಮೆ ದೋಣಿಯಿಂದ ಬದುಕಿ ಬಂದು ನಮ್ಮ ಗಾಳಕ್ಕೆ ಸಿಕ್ಕಿತ್ತು.

ಉಸಿರಾಡಲು, ಮೈ ಬೆಚ್ಚಗೆ ಮಾಡಿಕೊಳ್ಳಲು ಆಮೆ ನೀರಿನ ಮೇಲ್ಪದರಕ್ಕೆ ಬರಲೇಬೇಕು, ಪ್ರೊಪೆಲ್ಲರ್ ಓಡುವುದೂ ಅಲ್ಲಿಯೇ. ಸದ್ದು ಕೇಳಿ ಪಕ್ಕಕ್ಕೆ ಹೋಗುತ್ತದೆ ಎಂದು ದೋಣಿಯವರೆಲ್ಲ ನಂಬುತ್ತಾರೆ, ನಾವೂ ನಂಬಿದ್ದೆವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹಸಿರು ಕಡಲಾಮೆಗಳ ಮೇಲೆ ದೋಣಿ ಓಡಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿದೆ. ದೋಣಿ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಬಂದಾಗ ನೂರರಲ್ಲಿ 60 ಸಲ ಆಮೆ ತಪ್ಪಿಸಿಕೊಂಡಿತು. 11 ಕಿಲೋಮೀಟರಿಗೆ ಅದು 22ಕ್ಕೆ ಇಳಿಯಿತು, 19ಕ್ಕೆ ಬರೀ 4ಕ್ಕೆ. ಗಂಟೆಗೆ 19 ಕಿಲೋಮೀಟರ್ ಎಂದರೆ ನಮ್ಮ ಹುಡುಗರು ಸೈಕಲ್ ತುಳಿಯುವ ವೇಗ. ರಜಾದಿನಗಳಲ್ಲಿ ಪ್ರವಾಸಿ ದೋಣಿಗಳು ಓಡುವುದು ಅದಕ್ಕಿಂತ ಎಷ್ಟೋ ಜೋರಾಗಿ, ಇನ್ನೂ ಜೋರಾಗಿ ಹೋಗೋಣ ಎಂದು ಕಿರುಚುವವರು ಬಹುಪಾಲು ಘಟ್ಟದ ಮೇಲಿನಿಂದ ಬಂದ ನಮ್ಮಂಥವರು. ಹಿಂದಿನ ವರ್ಷ ಅಳಿವೆಯೊಳಗೆ ದೋಣಿ ತಿರುಗಿಸುವಾಗ ಹುಡುಗ ಹಾಗೆ ಕಿರುಚಿದ್ದ ವಿಡಿಯೋ ಇನ್ನೂ ನನ್ನ ಮೊಬೈಲಿನಲ್ಲಿದೆ.

ಗಾಳದ ಕತೆ ಬೇಗ ಮುಗಿಯಿತು. ಬಾಯಿಯ ಮೂಲೆಯಲ್ಲಿ ಚುಚ್ಚಿ ಹೊರಬಂದಿದ್ದ ಮುಳ್ಳಿನ ತುದಿಯನ್ನು ಕಟ್ಟರಿನಿಂದ ಕತ್ತರಿಸಿ, ಉಳಿದ ಕಡ್ಡಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿಸಿದರು. ಕಾಲಿನ ದಾರ ಬಿಚ್ಚಿದರು; ಸುತ್ತಿದ ಜಾಗ ಊದಿತ್ತು. ಆಮೆಯನ್ನು ಒಂದು ದಿನ ನಿಗಾದಲ್ಲಿ ಇಟ್ಟು, ಸರಿಯಾಗಿ ಮುಳುಗಿ ಏಳುತ್ತದೆಯೇ ನೋಡಿ, ಮರುದಿನ ಸಂಜೆ ಬಿಟ್ಟರೆಂದು ತಾಂಡೇಲರು ಫೋನಿನಲ್ಲಿ ತಿಳಿಸಿದರು. ಆ ಪರೀಕ್ಷೆಗೂ ಕಾರಣವಿದೆ. ಪೆಟ್ಟು ತಿಂದ ಆಮೆಯ ಚಿಪ್ಪಿನಡಿ ಗಾಳಿ ಸೇರಿಕೊಂಡರೆ ಅದು ಮುಳುಗಲಾರದೆ ಬೆಂಡಿನಂತೆ ತೇಲುತ್ತದೆ. ತೇಲುವ ಆಮೆ ಮೇಯಲಾರದು, ಮುಂದಿನ ದೋಣಿಯಿಂದ ತಪ್ಪಿಸಿಕೊಳ್ಳಲಾರದು.

ಆಮೆ ಉಳಿಯಿತು ಎಂದು ಊರಿನಲ್ಲಿ ಹೇಳಿಕೊಂಡು ತಿರುಗಲು ನಮಗೆ ಅರ್ಹತೆಯಿಲ್ಲ. ಗಾಳ ಬಾಯಿಯ ಮೂಲೆಯಲ್ಲಿ ಚುಚ್ಚಿತ್ತು, ಗಂಟಲಿಗೆ ಇಳಿದಿರಲಿಲ್ಲ. ಅದು ಅದೃಷ್ಟ. ದೋಣಿಯಲ್ಲಿ ತಾಂಡೇಲರಿದ್ದರು. ಅದೂ ಅದೃಷ್ಟ.

ಊರಿಗೆ ಬಂದ ಮೇಲೆ

ಮುಂದಿನ ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೆವು. ಪುಸ್ತಕ ಓದಿ ಹೇಳಿದೆ. ಹೊತ್ತುಗಳನ್ನು ಕೇಳುತ್ತಾ ಭಾವ ಕವಳದ ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತಿದ್ದರು. ಮೊದಲು ಮಾತಾಡಿದವರು ಅಂಗಡಿಯವರು. ಅವರು ಕಡಲಾಮೆಯ ಮಾತೆತ್ತಲಿಲ್ಲ. ಊರ ಕೆರೆಯಲ್ಲಿ ಎಷ್ಟು ಆಮೆಗೆ ಹೀಗೆ ದಾರ ಕತ್ತರಿಸಿ ಬಿಟ್ಟಿದ್ದೇವೆ ಎಂದು ಕೇಳಿದರು. ಯಾರೂ ಎಣಿಸಿರಲಿಲ್ಲ. ಎರೆಹುಳು ಕಟ್ಟಿದ ಗಾಳಕ್ಕೆ ಆಮೆ ಬರುವುದು ಮಳೆಗಾಲದಲ್ಲಿ ಎಷ್ಟು ಮಾಮೂಲಿ ಎಂದರೆ, ಪುಸ್ತಕದಲ್ಲಿ ಬರೆಯುವ ವಿಷಯ ಎಂದೇ ನನಗೆ ಅನ್ನಿಸಿರಲಿಲ್ಲ. ಹೊಟ್ಟೆಯಡಿಯ ಮಡಿಕೆಯಿಂದ ಹಿಂಗಾಲು ಮುಚ್ಚಿಕೊಳ್ಳುವ ಮೆದುಚಿಪ್ಪಿನ ಆಮೆ ಅದು. ಅದೂ ಈಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದೂ ಶ್ವಾಸಕೋಶದಿಂದಲೇ ಉಸಿರಾಡುತ್ತದೆ, ಅದರ ಕರುಳೂ ದಾರಕ್ಕೆ ನೆರಿಗೆಗಟ್ಟುತ್ತದೆ. ಕೈ ಮುಗಿದು ಬಿಟ್ಟ ಆಮೆಗಳು ಎಲ್ಲಿ ಹೋದವು ಎಂದು ಕೆರೆಯ ದಂಡೆಯಲ್ಲಿ ನಾವು ಒಂದು ದಿನವೂ ಹುಡುಕಿ ನೋಡಿದವರಲ್ಲ.

ಆಮೇಲಿನದು ಸಾಮಾನಿನ ಚರ್ಚೆ. ಸರ್ಕಲ್ ಹುಕ್ ಎಂಬ ಗಾಳದಲ್ಲಿ ತುದಿ ಒಳಮುಖವಾಗಿ ಬಾಗಿರುತ್ತದೆ. ನುಂಗಿದರೂ ಗಂಟಲಲ್ಲಿ ಕಚ್ಚದೆ ಜಾರಿಬಂದು ಹೆಚ್ಚಾಗಿ ಬಾಯಿಯ ಮೂಲೆಯಲ್ಲಿ ಚುಚ್ಚುತ್ತದೆ. ನಮ್ಮ ಅಂಗಡಿಯಲ್ಲಿ ಇರಲಿಲ್ಲ, ಮಂಗಳೂರಿನಿಂದ ತರಿಸಿದರು. ತೊಂದರೆ ಬಂದದ್ದು ಭಾವನಿಗೆ. ಆ ಗಾಳಕ್ಕೆ ಜಗ್ಗಿ ಹೊಡೆಯಬಾರದು. ದಾರ ಬಿಗಿಯಾದಾಗ ನಿಧಾನವಾಗಿ ಸುತ್ತುತ್ತಾ ಹೋದರೆ ತಾನಾಗಿ ಚುಚ್ಚುತ್ತದೆ. ನಲವತ್ತು ವರ್ಷದಿಂದ ಜಗ್ಗಿದ ಮಣಿಕಟ್ಟು ಅದನ್ನು ಕೇಳುತ್ತದೆಯೇ? ಮೊದಲ ತಿಂಗಳು ಅವರಿಗೆ ಒಂದು ಮೀನೂ ಸಿಗಲಿಲ್ಲ. ಆಮೆ ಉಳಿಸುವ ಗಾಳವೋ ಮೀನು ಉಳಿಸುವ ಗಾಳವೋ ಎಂದು ಗೊಣಗಿದರು. ಮೇಷ್ಟ್ರು ಸುಮ್ಮನೆ ಪಕ್ಕದಲ್ಲಿ ಕೂತು ಮೂರು ಹಿಡಿದು ಮೂರನ್ನೂ ಬಿಟ್ಟರು. ಎಲ್ಲ ಗಾಳಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೇವೆ. ಮೀನು ಒಂದೆರಡು ತಪ್ಪಿಸಿಕೊಳ್ಳುತ್ತವೆ, ಬೆರಳಿಗೆ ಚುಚ್ಚಿದಾಗ ಆಸ್ಪತ್ರೆಗೆ ಓಡುವ ಕೆಲಸವೂ ತಪ್ಪಿದೆ.

ಸಮುದ್ರಕ್ಕೆ ಹೋದಾಗ ಬೊಂಡಾಸ್ ಕಟ್ಟುವುದನ್ನು ನಿಲ್ಲಿಸಿದೆವು. ಬೊಂಡಾಸ್ ಹರಿಯದ ರಬ್ಬರಿನಂಥದ್ದು, ಆಮೆ ಅದನ್ನು ಗಾಳದ ಸಮೇತ ನುಂಗಿಬಿಡುತ್ತದೆ. ಮೀನಿನ ತುಂಡಾದರೆ ಕಚ್ಚಿ ಹರಿದು ತಿನ್ನುತ್ತದೆ. ಕೈಬಲೆ, ಉದ್ದ ಹಿಡಿಯ ಕಟ್ಟರ್, ಒಂದು ಗೋಣಿಚೀಲ ಈಗ ಕಾರಿನಲ್ಲಿ ಮೊದಲು ಏರುವ ಸಾಮಾನು. ದೋಣಿಯ ಮೂತಿಯಲ್ಲಿ ಹುಡುಗ ನೀರಿನ ಮೇಲಿನ ಹೊಳಪು ಕಳೆಯುವ ಪೋಲರಾಯ್ಡ್ ಕನ್ನಡಕ ಹಾಕಿ ಕೂರುತ್ತಾನೆ. ಆಮೆಯ ತಲೆ ಕಂಡರೆ ದಾರ ಒಳಗೆ, ಜಾಗ ಬದಲು. ಸಂಜೆ ದಂಡೆಯಲ್ಲಿ ಬೆಂಕಿ ಹಾಕಿ ಕೂರುತ್ತಿದ್ದ ಪದ್ಧತಿಯೂ ನಿಂತಿತು. ಮರಳಿನಿಂದ ಹೊರಬಂದ ಮರಿಗಳು ಬೆಳಕಿದ್ದ ಕಡೆಗೆ ಹೋಗುತ್ತವೆ. ಸಮುದ್ರಕ್ಕಿಂತ ನಮ್ಮ ಬೆಂಕಿ ಹೊಳೆದರೆ ಬೆಂಕಿಯ ಕಡೆಗೇ. ಇದಕ್ಕೆ ಮಾತ್ರ ಅಂಗಡಿಯವರು ತಕರಾರು ತೆಗೆದರು, ಸಮುದ್ರಕ್ಕೆ ಹೋಗುವುದೇ ಆ ಸಂಜೆಗಾಗಿ ಎಂದು. ಏಪ್ರಿಲ್ ಮುಗಿಯುವವರೆಗೆ ಬೇಡ ಎಂಬಲ್ಲಿಗೆ ರಾಜಿಯಾಯಿತು.

ತಾಂಡೇಲರಿಗೆ ನಾವು ಹೇಳಿಕೊಡುವಂಥದ್ದು ಏನೂ ಇಲ್ಲ. ನಮ್ಮ ತಪ್ಪಿನ ಪಟ್ಟಿಯನ್ನು ಒಮ್ಮೆ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿ, ‘ಒಂದು ಬಿಟ್ಟಿದ್ದೀರಿ ತಮ್ಮಾ. ಮೊದಲೇ ಹೇಳಿದೆನಲ್ಲ, ಸಡಿಲ ಬಿಡಿ ಅಂತ’ ಎಂದರು. ಬರೆದುಕೊಂಡೆ.

ಟಿಪ್ಪಣಿ ಪುಸ್ತಕದಲ್ಲಿ ಈಗ ಒಂದು ಅಂಕಣ ಹೆಚ್ಚಾಗಿದೆ: ನೀರಿನಲ್ಲಿ ಬಿಟ್ಟುಬಂದ ದಾರ, ಅಡಿಗಳಲ್ಲಿ. ತುಂಡಾದ ದಾರ ಹಾಕಲು ಮುಚ್ಚಳದಲ್ಲಿ ತೂತು ಕೊರೆದ ಹಾರ್ಲಿಕ್ಸ್ ಬಾಟಲಿಯೊಂದು ಚೀಲದಲ್ಲಿರುತ್ತದೆ. ಅಕ್ಟೋಬರಿನಲ್ಲಿ ಹಿನ್ನೀರಿನ ಅಂಚಿಗೆ ಹೋದಾಗ ಭಾವನ ಗಾಳ ಬೊಡ್ಡೆಯೊಂದಕ್ಕೆ ಸಿಕ್ಕಿಕೊಂಡಿತು. ಹುಡುಗ ಕತ್ತರಿ ಚಾಚಿದ. ಭಾವ ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು, ಪಂಚೆ ಎತ್ತಿ ಕಟ್ಟಿದರು, ಸೊಂಟದವರೆಗಿನ ನೀರಿನಲ್ಲಿ ಕೋಲೂರುತ್ತಾ ಬೊಡ್ಡೆಯವರೆಗೆ ನಡೆದು ಹೋಗಿ ದಾರ ಬಿಡಿಸಿಕೊಂಡು ಬಂದರು. ಜೊತೆಗೆ ಅದೇ ಬೊಡ್ಡೆಗೆ ಸುತ್ತಿದ್ದ, ಪಾಚಿ ಹಿಡಿದು ಹಸಿರಾದ ಹಳೆಯ ದಾರವನ್ನೂ ತಂದರು. ಅಳೆದೆ, ಹನ್ನೊಂದು ಅಡಿ. ಗಂಟು ಹಾಕಿದ ರೀತಿ ಅವರದೇ.